ಎರಡು ಸೀಲು, ಕತ್ತರಿಸಿದ ಒಂದು ವಾಕ್ಯ

1974ರ ಜನವರಿಯ ಮೂರನೆಯ ವಾರ ತಿರುವನಂತಪುರದ ಬಳಿಯ ವಿಳಿಂಜಂ ಕಡಲತೀರದಲ್ಲಿ, ದೋಣಿಯ ಹಿಂಬದಿಗೆ ಕಟ್ಟುವ ಒಂದು ಔಟ್‌ಬೋರ್ಡ್ ಮೋಟಾರಿನ ಗೇರುಪೆಟ್ಟಿಗೆಯ ತಿರುಪು ಬಿಚ್ಚಿದಾಗ, ಎಣ್ಣೆ ಬರಬೇಕಾದ ತೂತಿನಿಂದ ಹಾಲು ಹಾಕಿದ ಚಹಾದಂಥ ದ್ರವ ಸುರಿಯಿತು. ಸಮುದ್ರದ ನೀರು ಒಳಗೆ ನುಗ್ಗಿ ಎಣ್ಣೆಯ ಜೊತೆ ಕಡೆದುಕೊಂಡಿತ್ತು. ಗೇರಿನ ಹಲ್ಲುಗಳಿಗೆ ತುಕ್ಕು ಹತ್ತಲು ಶುರುವಾಗಿತ್ತು. ನಾಲ್ಕು ದಿನ ಕಳೆದು ಅದೇ ತೀರದ ಇನ್ನೊಂದು ಮೋಟಾರಿನಿಂದಲೂ ಅದೇ ಚಹಾ ಬಂತು. ಎರಡೂ ಮೋಟಾರುಗಳ ಸೀಲುಗಳನ್ನು ಬದಲಿಸಿದ್ದು ಅವುಗಳ ಜೊತೆ ಕೊಟ್ಟಿದ್ದ ಸರ್ಕಾರಿ ಕೈಪಿಡಿಯ ಪ್ರಕಾರ. ಕೈಪಿಡಿಯನ್ನು ಬರೆದವನು ನಾನು.

ಅದನ್ನು ಬರೆಯುವ ಹೊತ್ತಿಗೆ ನಾನು ಜೀವನದಲ್ಲಿ ಬಿಚ್ಚಿ ನೋಡಿದ್ದ ಯಂತ್ರ ಒಂದು ಫೌಂಟನ್ ಪೆನ್ನು. ಅದು ಮತ್ತೆ ಜೋಡಣೆಯಾಗಲಿಲ್ಲ.

ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ಐದು ವರ್ಷ ಉಪಸಂಪಾದಕನಾಗಿದ್ದು, 1968ರಲ್ಲಿ ಕೊಚ್ಚಿಯ ಒಂದು ಕೇಂದ್ರ ಸರ್ಕಾರಿ ಕಚೇರಿಗೆ ಪ್ರಕಟಣಾ ಸಹಾಯಕನಾಗಿ ಬಂದವನು ನಾನು. ಕಚೇರಿ ಮೀನುಗಾರಿಕೆಗೆ ಸಂಬಂಧಪಟ್ಟದ್ದು. ವಿಜ್ಞಾನಿಗಳು ಹದಿನೈದು ಪುಟ ಬರೆದದ್ದನ್ನು ನಾಲ್ಕು ಪುಟಕ್ಕೆ ಇಳಿಸುವುದು ನನ್ನ ಕೆಲಸ. ಇಳಿಸುವುದರಲ್ಲಿ ನನಗೆ ಹೆಸರಿತ್ತು. ಪತ್ರಿಕೆಯಲ್ಲಿ ನನ್ನ ಕೈಗೆ ಸಿಕ್ಕಿದ ಒಂದು ಮದುವೆ ಸುದ್ದಿಯಿಂದ ವರನೇ ಬಿಟ್ಟುಹೋಗಿದ್ದನೆಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಅದು ಸುಳ್ಳು. ಬಿಟ್ಟುಹೋದದ್ದು ವರನ ತಂದೆ.

ಕಚೇರಿ ಹಿನ್ನೀರಿನ ದಡದಲ್ಲಿತ್ತು. ಅಂಗಳದ ಈಚೆ ನಮ್ಮ ಕೋಣೆಗಳು, ಆಚೆ ತಗಡಿನ ಮಾಡಿನ ವರ್ಕ್‌ಶಾಪ್. ನಡುವೆ ನಲವತ್ತು ಹೆಜ್ಜೆ. ಈ ನಲವತ್ತು ಹೆಜ್ಜೆಯ ವಿಷಯ ಮುಂದೆ ಬರುತ್ತದೆ.

ವರ್ಕ್‌ಶಾಪಿನಲ್ಲಿ ಔಟ್‌ಬೋರ್ಡ್ ಮೋಟಾರುಗಳನ್ನು ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಆಶಾನ್ ಎಂದು ಕರೆಯುತ್ತಿದ್ದರು. ಮಲಯಾಳದಲ್ಲಿ ಕೆಲಸ ಕಲಿಸುವ ಗುರುವಿಗೆ ಹಾಗೆ ಹೇಳುತ್ತಾರೆ. ಅವರು ಮಂಜೇಶ್ವರದ ಕಡೆಯವರು, ಕನ್ನಡ ಶಾಲೆಯಲ್ಲಿ ಐದನೆಯ ತರಗತಿ ಓದಿದವರು. ವಯಸ್ಸು ನಲವತ್ತು ದಾಟಿತ್ತು. ಎಂಟು ವರ್ಷಗಳಿಂದ ಮಸ್ಟರ್ ರೋಲಿನಲ್ಲಿ, ಅಂದರೆ ದಿನಗೂಲಿಯ ಲೆಕ್ಕದಲ್ಲಿ, ಇದ್ದರು. ಕಾಯಂ ಆಗದವರಿಗೆ ಕ್ವಾರ್ಟರ್ಸ್ ಇಲ್ಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಮಂಜೇಶ್ವರದಲ್ಲಿ. ಇವರು ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ಒಂದು ಚಾಪೆ, ಒಂದು ಸ್ಟವ್ ಇಟ್ಟುಕೊಂಡಿದ್ದರು. ಊರಿಗೆ ಹೋಗುತ್ತಿದ್ದುದು ವರ್ಷಕ್ಕೆ ಎರಡು ಸಲ.

ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದವಾಗಿತ್ತು. ಅದನ್ನು ಬೇಕೆಂದೇ ಬಿಟ್ಟಿದ್ದರು. ಮೋಟಾರಿನ ಸೀಲು ರಬ್ಬರಿನ ಒಂದು ಬಳೆ. ತಿರುಗುವ ಶಾಫ್ಟನ್ನು ಸುತ್ತಲೂ ಹಿಡಿದುಕೊಂಡಿರುತ್ತದೆ. ವರ್ಷಗಟ್ಟಲೆ ಉಜ್ಜಿ ಉಜ್ಜಿ ಶಾಫ್ಟಿನ ಮೇಲೆ ಕಣ್ಣಿಗೆ ಕಾಣದ ಗೀರು ಬೀಳುತ್ತದೆ. ಆಶಾನರು ಶಾಫ್ಟಿನ ಉದ್ದಕ್ಕೂ ಆ ಉಗುರು ಎಳೆಯುತ್ತಿದ್ದರು. ಉಗುರು ಸಲೀಸಾಗಿ ಜಾರಿದರೆ ಹೊಸ ಸೀಲು ಹಾಕಿದರೆ ಸಾಕು. ಎಲ್ಲಾದರೂ ತಡೆದರೆ ಶಾಫ್ಟೇ ಸವೆದಿದೆ ಎಂದು ಅರ್ಥ, ಎಷ್ಟು ಸೀಲು ಬದಲಿಸಿದರೂ ಸೋರುತ್ತದೆ. ಅಳೆಯುವ ಉಪಕರಣ ಸ್ಟೋರಿನಲ್ಲಿತ್ತು. ಅದು ಉಗುರಿಗಿಂತ ಹೆಚ್ಚಿನದನ್ನು ಹೇಳಿದ್ದನ್ನು ನಾನು ನೋಡಲಿಲ್ಲ.

1973ರಲ್ಲಿ ವಿಳಿಂಜಂನ ಮೂರು ದೋಣಿಗಳಿಗೆ ಪರೀಕ್ಷಾರ್ಥವಾಗಿ ಮೂರು ಮೋಟಾರು ಕೊಡುವುದೆಂದು ಕಚೇರಿಯಲ್ಲಿ ತೀರ್ಮಾನವಾಯಿತು. ಹುಟ್ಟು ಹಾಕಿ, ಹಾಯಿ ಕಟ್ಟಿ ಕಡಲಿಗೆ ಹೋಗುವವರ ಕೈಗೆ ಯಂತ್ರ ಕೊಡುವಾಗ ಜೊತೆಗೊಂದು ಕೈಪಿಡಿ ಬೇಡವೇ? ಮೇಲಧಿಕಾರಿಗಳು ನನ್ನನ್ನು ಕರೆಸಿ, ಆಶಾನರನ್ನು ಕೇಳಿ ಬರೆಯಲು ಹೇಳಿದರು. ಇಬ್ಬರೂ ಕನ್ನಡದವರು, ಕೆಲಸ ಸುಲಭ ಎಂಬುದು ಅವರ ಲೆಕ್ಕ. ಆಶಾನರು ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಬರೆಯುವುದು, ಕಚೇರಿಯ ಅನುವಾದಕರು ಮಲಯಾಳಕ್ಕೆ ತರುವುದು. ಅಚ್ಚಾದದ್ದನ್ನು ಆಶಾನರಾಗಲಿ ನಾನಾಗಲಿ ಓದಲಾರೆವು ಎಂಬುದು ಯಾರಿಗೂ ಹೊಳೆಯಲಿಲ್ಲ. ಆಶಾನರು ಮಲಯಾಳ ನೀರಿನಂತೆ ಮಾತಾಡುತ್ತಿದ್ದರು, ಅಕ್ಷರ ಬರುತ್ತಿರಲಿಲ್ಲ. ನಾನು ಬಸ್ಸಿನ ಬೋರ್ಡು ಓದುತ್ತಿದ್ದೆ, ಅದೂ ಬಸ್ಸು ನಿಂತಿದ್ದರೆ. ನಮ್ಮ ಮನೆಯಲ್ಲಿ ಮಲಯಾಳ ಓದಬಲ್ಲವಳು ಎರಡನೆಯ ತರಗತಿಯ ಮಗಳೊಬ್ಬಳೇ.

ಬಿಳಿ ಅಂಗಿ ಹಾಕಿಕೊಂಡು, ನೋಟ್‌ಬುಕ್ ಹಿಡಿದು ವರ್ಕ್‌ಶಾಪಿಗೆ ಹೋದೆ. ಆಶಾನರು ನನ್ನ ಅಂಗಿ ನೋಡಿ ಒಂದು ಹಳೆಯ ಪತ್ರಿಕೆಯನ್ನು ಸ್ಟೂಲಿನ ಮೇಲೆ ಹಾಸಿದರು.

"ಕೂತ್ಕೊಳ್ಳಿ ಪೇಪರಿನವ್ರೆ. ನಿಮ್ಮದೇ ಪೇಪರು, ನಾಚಿಕೆ ಬೇಡ."

ಅಂದಿನಿಂದ ನಾನು ಅವರಿಗೆ ಪೇಪರಿನವರು.

ವಾರವಿಡೀ ಹೇಳಿದರು. ತಂಪುನೀರು ಎಳೆಯುವ ಪಂಪಿನ ರಬ್ಬರ್ ಚಕ್ರ ಸವೆದರೆ ಇಂಜಿನು ಹೇಗೆ ಕಾಯುತ್ತದೆ, ನೈಲಾನ್ ದಾರ ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡು ಸೀಲನ್ನು ಹೇಗೆ ಕೊಯ್ಯುತ್ತದೆ, ಹಳೆಯ ಸೀಲನ್ನು ಶಾಫ್ಟಿಗೆ ಗೀರಾಗದಂತೆ ಹೇಗೆ ಎಬ್ಬಿಸಬೇಕು, ಹೊಸದನ್ನು ಕೂರಿಸಲು ಯಾವ ಅಳತೆಯ ಪೈಪಿನ ತುಂಡು ಇಟ್ಟು ಹೇಗೆ ತಟ್ಟಬೇಕು. ಸೀಲಿಗೆ ಒಂದು ಬದಿ ಚಪ್ಪಟೆ ಬೆನ್ನು, ಇನ್ನೊಂದು ಬದಿ ತೆಳುವಾದ ತುಟಿ. ತುಟಿಯ ಬದಿಯನ್ನು ಅವರು ಬಾಯಿ ಎನ್ನುತ್ತಿದ್ದರು.

"ಇದನ್ನು ಸರಿ ಬರ್ಕೊಳ್ಳಿ. ಪ್ರೊಪೆಲ್ಲರಿನ ಶಾಫ್ಟಿಗೆ ಸೀಲು ಎರಡು ಉಂಟು. ಒಂದರ ಬಾಯಿ ಒಳಗೆ, ಇನ್ನೊಂದರ ಬಾಯಿ ಹೊರಗೆ."

"ಯಾಕೆ ಹಾಗೆ?"

"ಗಂಡ ಹೆಂಡತಿ ಜಗಳ ಮಾಡಿ ಬೆನ್ನಿಗೆ ಬೆನ್ನು ಹಾಕಿ ಮಲಗ್ತಾರಲ್ಲ, ಹಾಗೆ. ಒಬ್ಬ ಎಣ್ಣೆಯನ್ನು ಹೊರಗೆ ಬಿಡುದಿಲ್ಲ. ಒಬ್ಬಳು ನೀರನ್ನು ಒಳಗೆ ಬಿಡುದಿಲ್ಲ. ಇಬ್ರೂ ಒಂದೇ ಬದಿಗೆ ತಿರುಗಿದ್ರೆ ಮನೆ ಹಾಳು."

ಒಂದು ಬೀಡಿ ಕಟ್ಟಿನ ಕಾಗದದ ಹಿಂದೆ ಪೆನ್ಸಿಲಿನಲ್ಲಿ ಚಿತ್ರವನ್ನೂ ಬರೆದುಕೊಟ್ಟರು. ಎರಡು ಬಳೆ, ಬೆನ್ನಿಗೆ ಬೆನ್ನು. ಒಂದಕ್ಕೆ ಮೀಸೆ.

ನಾನು ನಕ್ಕೆ. ನಕ್ಕು, ಗಂಡ ಹೆಂಡತಿಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಲಿಲ್ಲ. ಅದು ಸರ್ಕಾರಿ ಪ್ರಕಟಣೆಗೆ ಒಪ್ಪುವಂಥದ್ದಲ್ಲ. ಮೀಸೆಯ ಚಿತ್ರ ಅಚ್ಚಿಗೆ ಯೋಗ್ಯವಲ್ಲ. ಬೀಡಿ ಕಾಗದ ಎಲ್ಲಿ ಹೋಯಿತೋ ಗೊತ್ತಿಲ್ಲ.

ಎರಡು ವಾರದ ನಂತರ ಕರಡು ಬರೆಯಲು ಕುಳಿತಾಗ ನೋಟ್‌ಬುಕ್ಕಿನ ಒಂದು ಪುಟದ ಮೇಲ್ಭಾಗದಲ್ಲಿ "ಸೀಲು: ಬಾಯಿ ಒಳಗೆ" ಎಂದೂ ಕೆಳಭಾಗದಲ್ಲಿ "ಸೀಲು: ಬಾಯಿ ಹೊರಗೆ" ಎಂದೂ ಇತ್ತು. ನಡುವೆ ಇದ್ದ ಜಗಳವನ್ನು ನಾನೇ ಬಿಟ್ಟಿದ್ದೆ. ಪತ್ರಿಕೆಯಲ್ಲಿ ನಮಗೆ ಕಲಿಸಿದ ಪಾಠವೊಂದಿತ್ತು: ಒಂದೇ ವರದಿಯಲ್ಲಿ ಎರಡು ವಿರುದ್ಧ ಮಾತುಗಳಿದ್ದರೆ ಒಂದು ತಪ್ಪು, ಯಾವುದು ತಪ್ಪೆಂದು ವರದಿಗಾರನನ್ನು ಕೇಳು. ಪಾಠದ ಮೊದಲ ಅರ್ಧ ನನಗೆ ಚೆನ್ನಾಗಿ ನೆನಪಿತ್ತು.

ಎರಡನೆಯ ಅರ್ಧಕ್ಕೆ ನಲವತ್ತು ಹೆಜ್ಜೆ ನಡೆಯಬೇಕಾಗಿತ್ತು. ಆ ವಾರ ಸಂದೇಹ ಕೇಳಲು ಹನ್ನೊಂದು ಸಲ ಹೋಗಿದ್ದೆ. ಹನ್ನೊಂದನೆಯ ಸಲ ಬಾಗಿಲಿಗೆ ಬರುವಾಗಲೇ ಲೇತಿನ ಬಳಿ ಇದ್ದವನೊಬ್ಬ "ಪದಿನೊನ್ನ್!" ಎಂದು ಕೂಗಿ ಎಣಿಕೆ ಹೇಳಿದ್ದ. ಇಡೀ ವರ್ಕ್‌ಶಾಪ್ ನಕ್ಕಿತ್ತು. ಹನ್ನೆರಡನೆಯದಾಗಲು ನಾನು ತಯಾರಿರಲಿಲ್ಲ. ಕುರ್ಚಿಯಲ್ಲೇ ಕೂತು ತರ್ಕ ಮಾಡಿದೆ. ಸೀಲು ಇರುವುದು ಎಣ್ಣೆ ಹಿಡಿದಿಡಲು. ಎಣ್ಣೆ ಇರುವುದು ಒಳಗೆ. ಆದ್ದರಿಂದ ಬಾಯಿ ಒಳಗೆ. ಕೆಳಗಿನ ಸಾಲಿಗೆ ಅಡ್ಡಗೀಟು ಎಳೆದು ಬರೆದೆ: ಎರಡೂ ಸೀಲುಗಳ ಬಾಯಿ ಒಳಮುಖವಾಗಿರಬೇಕು.

ಚಿಕ್ಕ, ಸ್ಪಷ್ಟ ವಾಕ್ಯ. ಆ ಕೈಪಿಡಿಯಲ್ಲಿ ನನಗೆ ಬಹಳ ಹಿಡಿಸಿದ ವಾಕ್ಯ ಅದೇ ಆಗಿತ್ತು.

ಮೋಟಾರುಗಳನ್ನು ಕೊಡುವ ಮೊದಲು ಮೂರೂ ದೋಣಿಗಳ ಯಜಮಾನರನ್ನು ಕೊಚ್ಚಿಗೆ ಕರೆಸಿ, ಆಶಾನರು ಎಲ್ಲವನ್ನೂ ಒಮ್ಮೆ ಬಿಚ್ಚಿ ಜೋಡಿಸಿ ತೋರಿಸಿದರು. ವಲ್ಲಾರ್ಪಾಡಂ ದ್ವೀಪದವರೆಗೆ ಹಿನ್ನೀರಿನಲ್ಲಿ ಓಡಿಸಿ ತಂದರು. ವರದಿಗೆಂದು ನಾನೂ ದೋಣಿಯಲ್ಲಿ ಕೂತಿದ್ದೆ. ಶುರು ಮಾಡುವ ಹಗ್ಗ ಎಳೆಯಲು ನನಗೊಂದು ಅವಕಾಶ ಕೊಟ್ಟರು. ಎಳೆದ ರಭಸಕ್ಕೆ ನಾನೇ ಹಿಂದಕ್ಕೆ ಬಿದ್ದು, ಮುಂದಿನ ಅರ್ಧ ಗಂಟೆಯ ಪರೀಕ್ಷೆಯನ್ನು ದೋಣಿಯ ತಳದಿಂದ ವರದಿ ಮಾಡಿದೆ. ನಂತರ ಮೂವರಿಗೂ ಮೋಟಾರು, ಬಿಡಿ ಸೀಲುಗಳು, ಹೊಸದಾಗಿ ಅಚ್ಚಾದ ಕೈಪಿಡಿ ಹಂಚಿದೆವು. ಕೈಪಿಡಿಯ ಮೊದಲ ಪುಟದಲ್ಲಿ "ವರ್ಕ್‌ಶಾಪಿನ ಸಲಹೆಯಂತೆ ಸಿದ್ಧಪಡಿಸಿದ್ದು" ಎಂದಿತ್ತು. ಬರೆದವರ ಹೆಸರು ಹಾಕುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಜನವರಿಯಲ್ಲಿ ವಿಳಿಂಜಂನಿಂದ ದೂರು ಬಂದಾಗ ಆದದ್ದಿಷ್ಟು: ವರ್ಕ್‌ಶಾಪಿನ ಸಲಹೆ ತಪ್ಪಾಗಿದೆ, ವರ್ಕ್‌ಶಾಪಿನಲ್ಲಿ ಮೋಟಾರು ನೋಡುವವರು ಆಶಾನ್, ಆದ್ದರಿಂದ ಆಶಾನರಿಗೆ ಮೆಮೊ. ಹತ್ತು ದಿನದೊಳಗೆ ಲಿಖಿತ ವಿವರಣೆ ಕೊಡಬೇಕು. ಆ ವರ್ಷವೇ ಒಂದು ಕಾಯಂ ಮೆಕ್ಯಾನಿಕ್ ಹುದ್ದೆ ಮಂಜೂರಾಗಿತ್ತು. ಮಾರ್ಚಿನಲ್ಲಿ ಸಂದರ್ಶನ. ಆಶಾನರ ವಯಸ್ಸಿಗೆ ಕೊಡಬಹುದಾದ ರಿಯಾಯಿತಿ ಆ ಒಂದು ಸಲಕ್ಕೆ ಮಾತ್ರ. ಮೆಮೊ ತೀರದೆ ಸಂದರ್ಶನಕ್ಕೆ ಕರೆ ಇಲ್ಲ.

ಮೋಟಾರು ನೋಡಿ ಬರಲು ಆಶಾನರನ್ನೂ, ವರದಿ ಬರೆಯಲು ನನ್ನನ್ನೂ ವಿಳಿಂಜಂಗೆ ಕಳುಹಿಸಿದರು. ತಿರುವನಂತಪುರದ ಬಸ್ಸಿನಲ್ಲಿ ಆಶಾನರು ಜೇಬಿನಿಂದ ಮೆಮೊ ತೆಗೆದು ನನ್ನ ಕೈಗಿಟ್ಟರು.

"ಇಂಗ್ಲಿಷ್ ಉಂಟು. ಎಂತ ಬರ್ದಿದ್ದಾರೆ?"

ಓದಿ ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತಾ ಕೇಳಿಸಿಕೊಂಡರು.

"ಇದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಬರೀಲಿಕ್ಕೆ ನನಗೆ ಬರುದಿಲ್ಲ ಮಾರಾಯ್ರೆ. ಈ ಸಲ ಕಾಯಂ ಆಗ್ತದೆ, ಸಾಮಾನು ಕಟ್ಟಿ ಇಡು ಅಂತ ಮನೆಗೆ ಕಾಗದ ಹಾಕಿದ್ದೇನೆ."

"ಯೋಚನೆ ಮಾಡಬೇಡಿ ಆಶಾನ್. ವಿವರಣೆ ನಾನು ಬರೆದುಕೊಡ್ತೀನಿ. ಬರೆಯೋದು ನನ್ನ ಕಸುಬಲ್ವಾ? ತಪ್ಪು ಯಾರದೇ ಆಗಿರಲಿ, ನಾಲ್ಕು ಸಾಲಿನಲ್ಲಿ ಹಿಡಿದು ತೋರಿಸ್ತೀನಿ" ಎಂದೆ.

ಈ ಮಾತನ್ನು ಹೇಳುವಾಗ ನನ್ನ ದನಿಯಲ್ಲಿ ಇದ್ದ ಔದಾರ್ಯ ಇಂದಿಗೂ ನೆನಪಿದೆ.

ವಿಳಿಂಜಂನಲ್ಲಿ ಮೊದಲ ದೋಣಿಯ ಯಜಮಾನ ಮೋಟಾರನ್ನು ಹಲಗೆಯ ಮೇಲೆ ಮಲಗಿಸಿ ಕಾದಿದ್ದ. ಐವತ್ತರ ಆಸುಪಾಸಿನ ಮನುಷ್ಯ. ಸೀಲು ಬದಲಿಸಿದ್ದು ತಾನೇ ಎಂದ. ನೈಲಾನ್ ದಾರ ಸುತ್ತಿಕೊಂಡು ಹಳೆಯ ಸೀಲು ಹೋಗಿತ್ತು. ಆಶಾನರು ಪ್ರೊಪೆಲ್ಲರ್ ಬಿಚ್ಚಿ, ಶಾಫ್ಟಿನ ಮೇಲೆ ಉಗುರು ಎಳೆದರು. ಎಲ್ಲೂ ತಡೆಯಲಿಲ್ಲ. ಸೀಲಿನ ಕಡೆ ನೋಡಿದರು. ಹೊರಗಿನ ಸೀಲಿನ ಬಾಯಿ ಕಾಣಬೇಕಿದ್ದ ಕಡೆ ಚಪ್ಪಟೆ ಬೆನ್ನು ಕಂಡಿತು.

"ಯಾರು ನಿನಗೆ ಹೀಗೆ ಹಾಕಲು ಹೇಳಿದ್ದು? ಕೊಚ್ಚಿಯಲ್ಲಿ ನನ್ನ ಕೈ ನೋಡಲಿಲ್ಲವಾ?" ಎಂದು ಮಲಯಾಳದಲ್ಲಿ ಕೇಳಿದರು.

"ನೋಡಿದ್ದೆ ಆಶಾನೇ. ಆದರೆ ಪುಸ್ತಕದಲ್ಲಿ ಬೇರೆ ಇತ್ತು. ಆಶಾನರು ಅವಸರದಲ್ಲಿ ಹೇಗೋ ಹಾಕಿರಬಹುದು, ಅಚ್ಚು ಹಾಕಿಸಿದ್ದು ಸರ್ಕಾರ, ಅದು ತಪ್ಪುತ್ತದಾ ಅಂದುಕೊಂಡೆ."

ಅವನ ಹೆಂಡತಿ ಮೀನಿನ ಬುಟ್ಟಿ ಇಳಿಸಿಕೊಂಡು ಅಲ್ಲೇ ನಿಂತಿದ್ದಳು. ಅವಳು ನಮಗೆ ಕೇಳುವಂತೆಯೇ ಹೇಳಿದಳು: "ಇಷ್ಟು ವರ್ಷ ಗಾಳಿ ನೋಡಿ ಹೋಗುತ್ತಿದ್ದ ಮನುಷ್ಯ, ಸಾರೇ. ಈಗ ಪುಸ್ತಕ ನೋಡಿ ಹೋಗುತ್ತಾನೆ. ಹುಟ್ಟು ಹಾಕಿಕೊಂಡು ವಾಪಸು ಬರುತ್ತಾನೆ."

ಯಜಮಾನ ಒಳಗೆ ಹೋಗಿ ಕೈಪಿಡಿ ತಂದ. ಎಣ್ಣೆ ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ. ನಮ್ಮ ಪ್ರಕಟಣೆಯೊಂದನ್ನು ಯಾರಾದರೂ ಅಷ್ಟು ಜೋಪಾನ ಮಾಡಿದ್ದನ್ನು ನಾನು ಮೊದಲ ಬಾರಿ ನೋಡಿದೆ. ಬೆರಳಿಟ್ಟು, ಶಾಲೆಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದ.

"ರಂಡು ಸೀಲಿಂಡೆಯುಂ ವಾಯ್ ಉಳ್ಳಿಲೇಕ್ಕ್..."

ಎರಡೂ ಸೀಲಿನ ಬಾಯಿ ಒಳಕ್ಕೆ. ಅಷ್ಟು ಮಲಯಾಳ ನನಗೂ ಅರ್ಥವಾಗುತ್ತಿತ್ತು.

ಆಶಾನರು ತಲೆ ಎತ್ತಿ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಸೀಲು ಎಬ್ಬಿಸುವ ಕೊಕ್ಕೆ ಎತ್ತಿಕೊಂಡು ಕನ್ನಡದಲ್ಲಿ ಕೇಳಿದರು.

"ನಾನು ಹೇಳಿದ್ದರಲ್ಲಿ ಗಂಡ ಹೆಂಡತಿ ಇದ್ರಲ್ಲ ಪೇಪರಿನವ್ರೆ. ಅವ್ರು ಎಲ್ಲಿ ಹೋದ್ರು?"

"ಸರ್ಕಾರಿ ಪುಸ್ತಕಕ್ಕೆ ಸರಿಹೋಗಲ್ಲ ಅಂತ ಬಿಟ್ಟೆ."

"ಸರ್ಕಾರದವ್ರಿಗೆ ಹೆಂಡತಿ ಇಲ್ವಾ?"

ಎರಡನೆಯ ದೋಣಿಯಲ್ಲೂ ಅದೇ ಕತೆ. ಮೂರನೆಯ ಮೋಟಾರಿನ ಸೀಲನ್ನೂ ಬದಲಿಸಲಾಗಿತ್ತು, ಆದರೆ ಅದರ ಎಣ್ಣೆ ಜೇನಿನಂತೆ ತಿಳಿಯಾಗಿತ್ತು. ಹೇಗೆ ಎಂದು ಕೇಳಿದಾಗ ಅದರ ಯಜಮಾನ ಸಂಕೋಚಪಟ್ಟ. ತನಗೆ ಓದು ಬರುವುದಿಲ್ಲ, ಕೊಚ್ಚಿಯಲ್ಲಿ ಆಶಾನರ ಕೈ ನೋಡಿದ ನೆನಪಿನಲ್ಲಿ ಹಾಕಿದೆ, ತಪ್ಪಾಗಿದ್ದರೆ ಕ್ಷಮಿಸಬೇಕು ಎಂದ. ಅವನ ಮನೆಯಲ್ಲಿ ನನ್ನ ಕೈಪಿಡಿ ಕಿಟಕಿಯ ಬಾಗಿಲು ಹೊಡೆದುಕೊಳ್ಳದಂತೆ ಸಂದಿಗೆ ಸೇರಿತ್ತು. ಅದು ಮಾಡಿದ ಒಂದೇ ಪ್ರಯೋಜನವನ್ನು ನಾನು ವರದಿಯಲ್ಲಿ ಸೇರಿಸಲಿಲ್ಲ.

ಆಶಾನರು ಮೊದಲ ಮೋಟಾರನ್ನು ತಾವೇ ಸರಿ ಮಾಡಿದರು. ತುಕ್ಕು ಮೇಲುಮೇಲಿನದು, ಉಜ್ಜಿ, ಸೀಮೆಎಣ್ಣೆಯಲ್ಲಿ ತೊಳೆದು, ಒಂದು ಬೇರಿಂಗ್ ಬದಲಿಸಿದರು. ಎರಡನೆಯದರ ಹತ್ತಿರ ಬಂದಾಗ ಪೈಪಿನ ತುಂಡನ್ನೂ ಸುತ್ತಿಗೆಯನ್ನೂ ನನ್ನ ಕೈಗೆ ಕೊಟ್ಟರು.

"ನೀವು ಹಾಕಿ."

"ನನಗೆ ಬರಲ್ಲ ಆಶಾನ್."

"ಬರುದಿಲ್ಲ ಅಂತ ಗೊತ್ತುಂಟು. ಆದ್ರೂ ಪುಸ್ತಕ ಬರೆದ್ರಲ್ಲ, ಹಾಗೇ ಇದನ್ನೂ ಮಾಡಿ."

ತೀರದಲ್ಲಿ ಆಗಲೇ ಹದಿನೈದು ಇಪ್ಪತ್ತು ಜನ ಸೇರಿದ್ದರು. ಮೊದಲ ಏಟು ಹೆಬ್ಬೆರಳಿಗೆ ಬಿತ್ತು. ಎರಡನೆಯ ಏಟಿಗೆ ಸೀಲು ಓರೆಯಾಗಿ, ಅದರ ತುಟಿಯ ಸುತ್ತ ಇರುವ ಕೂದಲೆಳೆಯಂಥ ಸ್ಪ್ರಿಂಗ್ ಚಿಮ್ಮಿ ಮರಳಿಗೆ ಬಿತ್ತು. ಇಡೀ ಗುಂಪು ಮಂಡಿಯೂರಿ ಮರಳು ಜಾಲಿಸಿತು. ಹುಡುಕಿಕೊಟ್ಟವಳು ಮೊದಲ ಯಜಮಾನನ ಹೆಂಡತಿ. "ಇದು ಯಾವ ಪುಟದಲ್ಲಿದೆ ಸಾರೇ?" ಎಂದು ಕೇಳಿ ಕೊಟ್ಟಳು. ಮೂರನೆಯ ಪ್ರಯತ್ನಕ್ಕೆ ಒಳಗಿನ ಸೀಲು ಕೂತಿತು. ಅದರ ಬೆನ್ನಿಗೆ ಬೆನ್ನು ತಾಗುವಂತೆ ಎರಡನೆಯದನ್ನು ಇಟ್ಟಾಗ, ಎರಡರ ನಡುವೆ ತುಂಬಿದ್ದ ಗ್ರೀಸು ಹೊರಗೆ ಚಿಮ್ಮಿ ನನ್ನ ಬಿಳಿ ಅಂಗಿಯ ಜೇಬಿನ ಮೇಲೆ ಕೂತಿತು. ಅದು ಕೊನೆಗೂ ಹೋಗಲಿಲ್ಲ.

ಸಂಜೆ ಮೋಟಾರನ್ನು ದೋಣಿಗೆ ಕಟ್ಟಿ ಕೊಲ್ಲಿಯೊಳಗೆ ಎರಡು ಗಂಟೆ ಓಡಿಸಿ ಎಣ್ಣೆ ಇಳಿಸಿ ನೋಡಿದರು. ಎಣ್ಣೆ ಎಣ್ಣೆಯಾಗಿಯೇ ಬಂತು. ಆಶಾನರು ತಿರುಪು ಬಿಗಿದರು.

ಕೊಚ್ಚಿಗೆ ಮರಳುವ ದಾರಿಯಲ್ಲಿ ವಿವರಣೆ ಬರೆಯಲು ಶುರು ಮಾಡಿದೆ. ಬರೆಯಬೇಕಾಗಿದ್ದುದು ಆಶಾನರ ಹೆಸರಿನಲ್ಲಿ. ನನಗೂ ಆ ವರ್ಷ ಬಡ್ತಿ ಬರಬೇಕಿತ್ತು. ಇದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಮುಂದಿನ ಮೂರು ಕರಡುಗಳು ಅರ್ಥವಾಗುವುದಿಲ್ಲ.

ಮೊದಲ ಕರಡಿನಲ್ಲಿ, ಸರಬರಾಜಾದ ಸೀಲುಗಳ ಗುಣಮಟ್ಟ ಪರಿಶೀಲನೆಗೆ ಅರ್ಹ ಎಂದು ಬರೆದೆ. ಕನ್ನಡದಲ್ಲಿ ಹೇಳಿದೆ.

"ಸೀಲು ಒಳ್ಳೆದೇ ಉಂಟಲ್ಲ. ಪಾಪ, ಅದರ ಮೇಲೆ ಯಾಕೆ ಹಾಕ್ತೀರಿ?" ಎಂದರು ಆಶಾನರು.

ಎರಡನೆಯದರಲ್ಲಿ, ಮುದ್ರಣದೋಷ ಎಂದೆ.

"ಪ್ರೆಸ್ಸಿನವ ಎಂತ ಮಾಡಿದ?"

ಮೂರನೆಯದರ ಮೇಲೆ ನನಗೆ ಭರವಸೆ ಇತ್ತು. ಸಂಪಾದನೆಯ ಹಂತದಲ್ಲಿ ಒಂದು ವಾಕ್ಯ ಬಿಟ್ಟುಹೋಗಿರುವುದು ಕಂಡುಬಂದಿರುತ್ತದೆ ಎಂದು ಬರೆದಿದ್ದೆ. ಪತ್ರಿಕೆಯಲ್ಲಿ ಎಷ್ಟೋ ವಿಷಾದಗಳನ್ನು ಹೀಗೆಯೇ, ಯಾರೂ ಇಲ್ಲದಂತೆ, ಬರೆದು ಒಳಪುಟದ ಕೆಳಗೆ ಹಾಕಿದ್ದೆ.

ಆಶಾನರು ಕಿಟಕಿಯಿಂದ ನನ್ನ ಕಡೆ ತಿರುಗಿದರು.

"ಬಿಟ್ಟುಹೋದದ್ದು ಅಂದ್ರೆ ಹೇಗೆ? ಅದು ತಾನೇ ಎದ್ದು ಹೋಯಿತಾ?" ಎಂದರು. ನಂತರ, "ನಿಮಗೆ ಕಷ್ಟ ಆಗ್ತದಾದ್ರೆ ಬೇಡ ಪೇಪರಿನವ್ರೆ. ನನಗೆ ಸರಿ ಹೇಳ್ಲಿಕ್ಕೆ ಬರ್ಲಿಲ್ಲ ಅಂತ ಹಾಕಿ. ಮನೆಗೆ ಬೇರೆ ಕಾಗದ ಬರೆದ್ರಾಯ್ತು, ಸಾಮಾನು ಬಿಚ್ಚಿ ಅಂತ."

ಅವರು ಸಿಟ್ಟಿನಿಂದ ಹೇಳಲಿಲ್ಲ. ಬಸ್ಸು ಕೊಲ್ಲಂ ನಿಲ್ದಾಣದಲ್ಲಿ ನಿಂತಿತ್ತು. ಅವರು ಇಳಿದು ಹೋಗಿ ಇಬ್ಬರಿಗೂ ಚಹಾ ತಂದರು. ನಾನು ಗ್ಲಾಸಿನ ಬಣ್ಣ ನೋಡಿ ಅದನ್ನು ಕೆಳಗಿಟ್ಟೆ.

ಬಸ್ಸು ಮತ್ತೆ ಹೊರಡುವುದರೊಳಗೆ ನಾಲ್ಕನೆಯ ಕರಡು ಮುಗಿಯಿತು. ಯಾರು, ಏನು, ಯಾವಾಗ, ಎಲ್ಲಿ ಎಂಬ ಕ್ರಮದಲ್ಲಿ ನಾಲ್ಕು ವಾಕ್ಯ. ಆಶಾನರು ಸರಿಯಾಗಿ ಹೇಳಿದರು. ನಾನು ಸರಿಯಾಗಿ ಬರೆದುಕೊಳ್ಳಲಿಲ್ಲ. ಕರಡು ಮಾಡುವಾಗ ಒಂದು ಸಾಲನ್ನು ಅವರನ್ನು ಕೇಳದೆ ಹೊಡೆದುಹಾಕಿದೆ. ಅದರಿಂದ ಎರಡು ಮೋಟಾರು ಕೆಟ್ಟವು. ಕೆಳಗೆ ಆಶಾನರ ಸಹಿಗೆ ಜಾಗ ಬಿಡಲಿಲ್ಲ. ನನ್ನ ಸಹಿ ಹಾಕಿದೆ.

ಮಾರನೆಯ ದಿನ ಮೇಲಧಿಕಾರಿಗಳು ಅದನ್ನು ಎರಡು ಸಲ ಓದಿದರು. ಅವರು ಪಾಲಕ್ಕಾಡಿನವರು, ಹೆಚ್ಚು ಮಾತಿನವರಲ್ಲ.

"ಕೇಳದೆ ಯಾಕೆ ಹೊಡೆದುಹಾಕಿದಿರಿ?"

"ಮತ್ತೆ ಕೇಳಲು ನಾಚಿಕೆಯಾಯಿತು, ಸರ್."

"ಎಷ್ಟು ದೂರ ಅದು, ವರ್ಕ್‌ಶಾಪ್?"

"ನಲವತ್ತು ಹೆಜ್ಜೆ, ಸರ್."

"ಎಣಿಸಿದ್ದೀರಾ?"

"ಈಗ ಎಣಿಸಿದೆ."

ಅವರು ಕನ್ನಡಕ ತೆಗೆದರು. "ನೀವು ಪತ್ರಿಕೆಯಲ್ಲಿ ಇದ್ದವರಲ್ಲವೇ? ತಿದ್ದುಪಡಿಯನ್ನು ಅಲ್ಲಿ ಎಲ್ಲಿ ಹಾಕುತ್ತಾರೆ?"

"ಒಳಪುಟದಲ್ಲಿ ಸರ್. ಕೆಳಗೆ. ಸಣ್ಣ ಅಕ್ಷರದಲ್ಲಿ."

"ಇಲ್ಲಿ ರಕ್ಷಾಪುಟದ ಮೇಲೆ ಹಾಕಿ. ದೊಡ್ಡ ಅಕ್ಷರದಲ್ಲಿ. ಅಂಟಿಸುವವರು ನೀವೇ. ಮತ್ತೆ, ಮಲಯಾಳ ಓದಲು ಕಲಿಯಿರಿ."

ಗೋದಾಮಿನಲ್ಲಿ ಉಳಿದಿದ್ದ ಎಲ್ಲ ಪ್ರತಿಗಳಿಗೂ ಮೈದಾ ಅಂಟು ಹಚ್ಚಿ ತಿದ್ದುಪಡಿಯ ಚೀಟಿ ಅಂಟಿಸಿದೆ. ಅದಕ್ಕೆ ಒಂದು ವಾರ ಹಿಡಿಯಿತು. ಈ ಸಲ ಅಚ್ಚಿಗೆ ಕೊಡುವ ಮೊದಲು ವರ್ಕ್‌ಶಾಪಿಗೆ ಹೋಗಿ, ಅನುವಾದಕರಿಂದ ಗಟ್ಟಿಯಾಗಿ ಓದಿಸಿ, ಆಶಾನರ ಒಪ್ಪಿಗೆ ಪಡೆದಿದ್ದೆ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಲೇತಿನವನು "ಪಂದ್ರಂಡ್!" ಎಂದು ಕೂಗಿದ. ಹನ್ನೆರಡು. ಮಲಯಾಳದ ಅಕ್ಷರಗಳನ್ನು ಮಗಳ ಪಠ್ಯಪುಸ್ತಕದಿಂದ ಕಲಿತೆ. ಅವಳು ನನಗಿಂತ ಕಟ್ಟುನಿಟ್ಟಿನ ಸಂಪಾದಕಿ. ನಾನು ಕನ್ನಡದಲ್ಲಿ ಕೇಳಿದ ಸಂದೇಹಕ್ಕೆ ಮಲಯಾಳದಲ್ಲೇ ಉತ್ತರ ಕೊಡುತ್ತಿದ್ದಳು, ಎರಡನೆಯ ಸಲ ಕೇಳಿದರೆ ಕೊಡುತ್ತಿರಲಿಲ್ಲ.

ಮೆಮೊ ರದ್ದಾಯಿತು. ಮಾರ್ಚಿನ ಸಂದರ್ಶನಕ್ಕೆ ಆಶಾನರಿಗೆ ಕರೆ ಬಂತು. ಹೊರಗಿನಿಂದ ಬಂದಿದ್ದ ತಜ್ಞರೊಬ್ಬರು ಶಾಫ್ಟಿನ ಸವೆತ ಅಳೆಯುವುದು ಹೇಗೆ ಎಂದು ಕೇಳಿದಾಗ ಆಶಾನರು ಹೆಬ್ಬೆರಳು ತೋರಿಸಿದರಂತೆ. ಜೂನಿನಲ್ಲಿ ಕಾಯಂ ಆದೇಶ ಬಂತು. ನನ್ನ ಬಡ್ತಿ ಆ ವರ್ಷ ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ.

ಮಳೆಗಾಲ ಮುಗಿದ ಮೇಲೆ ಕ್ವಾರ್ಟರ್ಸ್ ಸಿಕ್ಕಿತು. ಹೆಂಡತಿ, ಮಕ್ಕಳು ಬಂದರು. ಒಂದು ಭಾನುವಾರ ನಮ್ಮನ್ನು ಊಟಕ್ಕೆ ಕರೆದಿದ್ದರು. ಎರಡು ಕೋಣೆ, ಒಂದು ಅಡುಗೆಮನೆ. ಮಂಜೇಶ್ವರದಿಂದ ತಂದ ಸಾಮಾನಿನ ಒಂದು ಪೆಟ್ಟಿಗೆ ಇನ್ನೂ ಬಿಚ್ಚದೆ ಮೂಲೆಯಲ್ಲಿತ್ತು. ಬಡಿಸುತ್ತಾ ಆಶಾನರ ಹೆಂಡತಿ ನನ್ನನ್ನು ನೋಡಿ ಗಂಡನನ್ನು ಕೇಳಿದರು.

"ಇವರೇ ಅಲ್ವಾ, ಗಂಡ ಹೆಂಡತಿಯನ್ನು ಪುಸ್ತಕದಿಂದ ತೆಗ್ದು ಹಾಕಿದವ್ರು?"

"ಇವರೇ" ಎಂದರು ಆಶಾನರು.

"ತಪ್ಪಾಯಿತಮ್ಮ" ಎಂದೆ.

"ಇಲ್ಲ ಇಲ್ಲ, ನೀವು ಸಾರು ಹಾಕ್ಕೊಳ್ಳಿ. ಎಂಟು ವರ್ಷ ಜಗಳ ಎಲ್ಲ ಕಾ‌ಗದದಲ್ಲೇ ಮಾಡಿದ್ದು ನಾವು. ಬೆನ್ನು ತಿರುಗಿಸ್ಲಿಕ್ಕೂ ಮನುಷ್ಯ ಹತ್ತಿರ ಇರ್ಬೇಕಲ್ಲ. ಈಗ ದಿನಾ ಉಂಟು."

ಆಶಾನರು ಸಾರಿನ ಪಾತ್ರೆಯನ್ನು ನನ್ನ ಕಡೆ ತಳ್ಳಿದರು.

ಕೈಪಿಡಿಯ ಎರಡನೆಯ ಮುದ್ರಣ 1976ರಲ್ಲಿ ಬಂತು. ಅದರಲ್ಲಿ ಎರಡು ಸೀಲುಗಳ ಚಿತ್ರವಿದೆ, ಬೆನ್ನಿಗೆ ಬೆನ್ನು. ಮೀಸೆಗೆ ಅನುಮತಿ ಸಿಗಲಿಲ್ಲ.

1979ರ ಫೆಬ್ರವರಿಯಲ್ಲಿ ನನ್ನನ್ನು ತಿರುವನಂತಪುರಕ್ಕೆ ವರ್ಗ ಮಾಡಿದರು. ಆ ತಿಂಗಳು ವಿಳಿಂಜಂನ ಮೂರು ಮೋಟಾರುಗಳ ಪೈಕಿ ಎರಡು ಓಡುತ್ತಿದ್ದವು. ಉಳಿದ ಒಂದನ್ನು ಶಾಫ್ಟು ಸವೆದ ಕಾರಣ ಕೊಚ್ಚಿಗೆ ಕಳುಹಿಸಿದ್ದರು. ಅದು ವರ್ಕ್‌ಶಾಪಿನಲ್ಲಿ ಆಶಾನರ ಮೇಜಿನ ಮೇಲಿತ್ತು. ವರ್ಕ್‌ಶಾಪಿನ ಕಾಯಂ ನೌಕರರ ಹಾಜರಿ ಪುಸ್ತಕದಲ್ಲಿ ಅವರದು ನಾಲ್ಕನೆಯ ಹೆಸರು.